ನಾಲ್ಕನೇ ಸ್ಲೈಡು ಕದಲಲಿಲ್ಲ

"ಆ ಟೇಪು ಕೆಳಗಿಡಿ. ಈ ಕೋಣೆ ನಮ್ಮ ತಾಯಂದಿರಿಗೆ ಬೇಕು."

ಖಾಲಿ ಕೋಣೆಯ ಗೋಡೆ ಅಳೆಯುತ್ತಿದ್ದವನು ತಿರುಗಿ ನೋಡಿದ. ಅವನು ಆಸ್ಪತ್ರೆಯ ರೆಕಾರ್ಡ್ ರೂಮಿನ ಗುಮಾಸ್ತ. ದಪ್ಪ ಕನ್ನಡಕದ ದೆಸೆಯಿಂದ ಮಕ್ಕಳ ವಾರ್ಡಿನ ಪುಟಾಣಿಗಳಿಗೆಲ್ಲ ಅವನು 'ಕನ್ನಡಕ ಮಾಮ'. ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತವಳು ಅದೇ ವಾರ್ಡಿನ ನರ್ಸ್.

"ನನ್ನ ಫೈಲುಗಳಿಗೂ ಬೇಕು ಸಿಸ್ಟರ್. ಕಾರಿಡಾರಲ್ಲಿ ಗೆದ್ದಲು ಹಿಡೀತಿವೆ. ಸೋಮವಾರ ಆಡಳಿತ ಮಂಡಳಿ ಇಬ್ಬರನ್ನೂ ಕರೆದಿದೆ. ಹತ್ತು ಹತ್ತು ನಿಮಿಷ, ಪ್ರೆಸೆಂಟೇಶನ್ ಸಮೇತ. ನಿಮಗೆ ಮಾಡೋಕೆ ಬರುತ್ತೆ ತಾನೆ?"

"ಬರದೇ ಏನು?"

ಹಸಿ ಸುಳ್ಳು! ಎಳೆಗೂಸಿಗೆ ಸೂಜಿ ಚುಚ್ಚುವಾಗಲೂ ನಡುಗದ ಅವಳ ಕೈ ಮೌಸ್ ಹಿಡಿದರೆ ಸಾಕು, ಗಡಗಡ ಎನ್ನುತ್ತಿತ್ತು.

ಮರುದಿನ ಬೆಳಿಗ್ಗೆ ಅವಳ ಮೇಜಿನ ಮೇಲೊಂದು ದಪ್ಪ ಪುಸ್ತಕ. ಪ್ರೆಸೆಂಟೇಶನ್ ಸಾಫ್ಟ್‌ವೇರ್ ಕಲಿಸುವ ಕೈಪಿಡಿ. ಒಳಗೆ ಒಂದು ಚೀಟಿ: 'ಏಳು ಅಧ್ಯಾಯ ಓದಿದರೆ ಸಾಕು. ನಾನೂ ಇದರಿಂದಲೇ ಕಲಿತದ್ದು.'

*ಎದುರಾಳಿಗೆ ಯಾರಾದರೂ ಪಾಠ ಹೇಳಿಕೊಡ್ತಾರಾ? ಇದರಲ್ಲೇನೋ ಮಸಲತ್ತಿದೆ...*

ಅನುಮಾನವಿದ್ದರೂ ಬೇರೆ ದಾರಿ ಇರಲಿಲ್ಲ. ಸೋತರೆ ಆ ತಾಯಂದಿರು ಮುಂದೆಯೂ ಮಕ್ಕಳ ಮಂಚದ ಪಕ್ಕ, ನೆಲದ ಮೇಲೆಯೇ ಮಲಗಬೇಕು.

ಅವಳು ಕಲಿತ ರೀತಿ ನೋಡಬೇಕಿತ್ತು. ಡಾಕ್ಟರು ಬರೆದ ಔಷಧಿ ಪಟ್ಟಿಯನ್ನು ಪಾಲಿಸುವ ಹಾಗೆ, ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಓದುವುದು, ಹೇಳಿದಂತೆ ಮಾಡುವುದು, ಪಕ್ಕದಲ್ಲಿ ಪೆನ್ನಿನಿಂದ ಟಿಕ್ ಹಾಕುವುದು. ಏಕೆ, ಏನು ಎಂದು ಕೇಳುವಂತಿಲ್ಲ; ಒಂದನ್ನೂ ಬಿಡುವಂತಿಲ್ಲ. ಹತ್ತು ವರ್ಷದ ನರ್ಸ್ ಕೆಲಸ ಕಲಿಸಿದ ಶಿಸ್ತು ಅದು.

ಶನಿವಾರ ಊಟದ ಬಿಡುವಿನಲ್ಲಿ ಏಳನೇ ಅಧ್ಯಾಯಕ್ಕೆ ಬಂದಳು: ಪೂರ್ವಾಭ್ಯಾಸ. ಲ್ಯಾಪ್‌ಟಾಪ್ ಪರದೆಯ ಮೂಲೆಯಲ್ಲಿ ಗಡಿಯಾರ ಓಡತೊಡಗಿತು. ಮಾತು ಬಾಯಿಪಾಠವಾಗಿದ್ದರಿಂದ ಸ್ಲೈಡು ಸರಿಯುತ್ತದೋ ಇಲ್ಲವೋ ಎಂದಷ್ಟೇ ನೋಡುತ್ತಾ ಒಂದು, ಎರಡು, ಮೂರು ದಾಟಿಸಿದಳು. ನಾಲ್ಕನೆಯದು ಒಂದು ಫೋಟೋ. ನೆಲದ ಮೇಲೆ ಕೂತಲ್ಲೇ ನಿದ್ದೆಹೋದ ತಾಯಿ, ಮಂಚದ ಸರಳುಗಳ ನಡುವೆ ತೂರಿಸಿದ ಅವಳ ಕೈ, ಆ ಕೈಯ ಹೆಬ್ಬೆರಳನ್ನು ಹಿಡಿದ ಮಗು.

ಬಾಗಿಲು ಸದ್ದಾಯಿತು.

"ನೀವು ಊಟ ಮಾಡಿಲ್ವಂತೆ. ಹೆಡ್ ಸಿಸ್ಟರ್ ಹೇಳಿದ್ರು." ಕನ್ನಡಕ ಮಾಮ ತನ್ನ ಡಬ್ಬಿಯನ್ನು ಮೇಜಿನ ಮೇಲಿಟ್ಟ. ಪರದೆ ನೋಡಿದ. "ಇವರು ಮೂರನೇ ಬೆಡ್ಡಿನ ಮಗು ತಾಯಿ ಅಲ್ವಾ? ಆ ಮಗುವಿನ ಹಳೇ ಫೈಲು ಸಿಗೋಕೆ ಎರಡು ದಿನ ಹುಡುಕಿದ್ದೆ."

ಅವನ ತೋಳಿನ ತುಂಬ ಧೂಳಿತ್ತು. ಹೊರಟುಹೋದ.

ಅವಳು ನಿಂತೇ ಇದ್ದಳು... ಆಮೇಲೆ ಪರದೆಯತ್ತ ತಿರುಗಿ ಮಿಕ್ಕ ಸ್ಲೈಡುಗಳನ್ನು ಒಂದೇ ಉಸಿರಿಗೆ ಮುಗಿಸಿದಳು. ಕೊನೆಗೆ ಪರದೆಯ ಮೇಲೊಂದು ಪ್ರಶ್ನೆ ಬಂತು. ಪುಸ್ತಕ 'ಹೌದು' ಒತ್ತಿ ಎಂದಿತ್ತು. ಒತ್ತಿದಳು, ಟಿಕ್ ಹಾಕಿದಳು.

ಸೋಮವಾರ. ಉದ್ದ ಮೇಜಿನ ಸುತ್ತ ಏಳು ಜನ.

"ಎಲ್ಲರಿಗೂ ನಮ..."

ನಮಸ್ಕಾರ ಮುಗಿಯುವ ಮೊದಲೇ ಮೊದಲ ಸ್ಲೈಡು ಮಾಯ! ಅವಳು ಏನನ್ನೂ ಮುಟ್ಟಿರಲಿಲ್ಲ. ಎರಡನೆಯದು ಬಂತು, ಹೋಯಿತು. ಮೂರನೆಯದೂ ಹೋಯಿತು. ಯಾರೋ ಕೆಮ್ಮಿದರು. ಪ್ರೊಜೆಕ್ಟರಿನ ಪಕ್ಕದಲ್ಲಿ ಕನ್ನಡಕ ಮಾಮ ಕೂತಿದ್ದ.

*ಇವನೇ. ಇವನದೇ ಕೆಲಸ. ನಂಬಿ ಕೆಟ್ಟೆ...*

ಕಲಿತದ್ದೆಲ್ಲ ಮರೆತುಹೋಯಿತು.

ನಾಲ್ಕನೇ ಸ್ಲೈಡು ಬಂತು. ಬಂದದ್ದು ಅಲ್ಲೇ ನಿಂತಿತು. ಏಳು ಜನರೂ ಆ ಫೋಟೋವನ್ನೇ ನೋಡುತ್ತಾ ಕೂತರು. ಕಡೆಗೆ ಅಧ್ಯಕ್ಷೆ ಕೇಳಿದರು, "ಈ ತಾಯಿ ಹೀಗೆ ಎಷ್ಟು ದಿನದಿಂದ ಮಲಗ್ತಿದ್ದಾರೆ?"

"ಹನ್ನೊಂದು ದಿನ, ಮೇಡಂ."

"ಸ್ನಾನ?"

"ಹೊರಗಡೆ ನಲ್ಲಿ ಹತ್ರ ಮುಖ ತೊಳ್ಕೋತಾರೆ. ಮಗುನ ಬಿಟ್ಟು ದೂರ ಹೋಗೋಕೆ ಭಯ ಅವರಿಗೆ."

ಇದಕ್ಕೆ ಯಾವ ಕೈಪಿಡಿಯೂ ಬೇಕಿರಲಿಲ್ಲ. ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತಾ ಹೋದಳು. ಮತ್ತೆ ಸ್ಲೈಡುಗಳು ಓಡತೊಡಗಿದಾಗ ಅವನ್ನು ನೋಡುವವರೇ ಇರಲಿಲ್ಲ.

ಅವನ ಸರದಿ ಬಂದಾಗ ಎದ್ದು ನಿಂತು ಒಂದೇ ಮಾತು ಹೇಳಿದ. "ಕಾರಿಡಾರಿಗೆ ಬಾಗಿಲಿರೋ ಉಕ್ಕಿನ ಕಪಾಟು ಕೊಟ್ಟರೆ ನಮಗೆ ಸಾಕು ಮೇಡಂ."

ಕೋಣೆ ತಾಯಂದಿರದಾಯಿತು. ಆದರೂ ಅವಳ ಸಿಟ್ಟು ಇಳಿಯಲಿಲ್ಲ. ಸೀದಾ ರೆಕಾರ್ಡ್ ರೂಮಿಗೆ ನಡೆದು ಪುಸ್ತಕವನ್ನು ಅವನ ಮುಂದೆ ಧೊಪ್ಪನೆ ಹಾಕಿದಳು.

"ನನ್ನ ಸ್ಲೈಡುಗಳನ್ನ ಓಡಿಸಿದ್ದು ನೀವೇ ತಾನೆ? ಆಮೇಲೆ ಪಾಪ ಅನ್ನಿಸಿ ಕೋಣೆ ಬಿಟ್ಟುಕೊಟ್ರಿ."

ಅವನು ಏಳನೇ ಅಧ್ಯಾಯ ತೆರೆದ. 'ಪ್ರತಿ ಸ್ಲೈಡಿಗೆ ತೆಗೆದುಕೊಂಡ ಸಮಯವನ್ನು ಉಳಿಸಬೇಕೇ ಎಂದು ಕೇಳುತ್ತದೆ. ಹೌದು ಒತ್ತಿ; ಆಗ ಸ್ಲೈಡುಗಳು ಅದೇ ಸಮಯಕ್ಕೆ ತಾವಾಗಿ ಸರಿಯುತ್ತವೆ.' ಪಕ್ಕದಲ್ಲಿ ಅವಳದೇ ಟಿಕ್ ಗುರುತು!

ಆಮೇಲೆ ಅವಳ ಕೈಯಲ್ಲಿದ್ದ ಲ್ಯಾಪ್‌ಟಾಪು ತೆರೆದು ಸ್ಲೈಡುಗಳ ಸಾಲು ತೋರಿಸಿದ. ಪ್ರತಿಯೊಂದರ ಕೆಳಗೂ ಸಮಯವಿತ್ತು. ನಾಲ್ಕು ಸೆಕೆಂಡು, ಐದು, ನಾಲ್ಕು... ನಾಲ್ಕನೆಯದರ ಕೆಳಗೆ ಮೂರು ನಿಮಿಷ ಹನ್ನೆರಡು ಸೆಕೆಂಡು.

ಅವಳಿಗೆ ಭೂಮಿಗಿಳಿದುಹೋಗುವಷ್ಟು ನಾಚಿಕೆಯಾಯಿತು. "ಕ್ಷಮಿಸಿ. ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ."

"ಅದಿರಲಿ. ಒಂದು ಮಾತು ಕೇಳಲಾ?" ಅವನ ದನಿ ತಗ್ಗಿತು. "ಶನಿವಾರ ಡಬ್ಬಿ ತಂದಾಗ ನಾನು ಅಲ್ಲಿ ಇದ್ದದ್ದು ಒಂದೇ ನಿಮಿಷ. ಮಿಕ್ಕ ಎರಡು ನಿಮಿಷ ಏನು ಮಾಡ್ತಿದ್ರಿ?"

ಸುಳ್ಳು ಹೇಳಬಹುದಿತ್ತು. ಹೇಳಲು ಮನಸ್ಸಾಗಲಿಲ್ಲ.

"ಬಾಗಿಲು ನೋಡ್ತಿದ್ದೆ."

"ಬಾಗಿಲಲ್ಲಿ ಏನಿತ್ತು?"

"ಏನೂ ಇರಲಿಲ್ಲ. ನೀವು ಹೊರಟುಹೋಗಿದ್ರಲ್ಲ..."

ಅವನು ಕನ್ನಡಕ ತೆಗೆದು ಒರೆಸಿದ. ಸುಮಾರು ಹೊತ್ತು ಒರೆಸಿದ.

"ನಾನು ಹೋಗಿರಲಿಲ್ಲ. ಬಾಗಿಲ ಆಚೆ ನಿಂತಿದ್ದೆ. ನಿಮ್ಮ ಮೌಸ್ ಸದ್ದು ಮತ್ತೆ ಕೇಳೋ ತನಕ ಹೋಗೋಕೆ ಕಾಲು ಬರಲಿಲ್ಲ. ನೀವಂದ್ರೆ ಇಷ್ಟ ಅಂತ ಹೇಳೋಕೆ ಧೈರ್ಯನೂ ಬರಲಿಲ್ಲ."

ಅವಳ ಕಣ್ಣು ತುಂಬಿ ಬಂತು, ನಗುವೂ ಬಂತು.

"ನಿಮ್ಮ ಡಬ್ಬಿ ನನ್ನ ಹತ್ರನೇ ಇದೆ," ಎಂದಳು.

"ನಿಧಾನವಾಗಿ ಕೊಡಿ."

"ಇಲ್ಲ, ನಾಳೆ ಮಧ್ಯಾಹ್ನ ತರ್ತೀನಿ. ಇಬ್ಬರಿಗಾಗೋಷ್ಟು ಊಟ ತುಂಬ್ಕೊಂಡು."