ತಲೆಯಿಲ್ಲದ ಕ್ಯಾಲ್ಕುಲೇಟರ್

"ಹೆಡ್ ಇಲ್ಲ! ಹೆಡ್ಡೇ ಇಲ್ಲ!"

ಯಜಮಾನರ ಕೂಗಿಗೆ ಎಲ್ಲರೂ ಪರೀಕ್ಷಾ ಕೊಠಡಿಗೆ ಓಡಿದರು. ಮೇಜಿನ ಮೇಲೆ ಹೊಸ ಕ್ಯಾಲ್ಕುಲೇಟರ್ ಮುಚ್ಚಳ ತೆರೆದುಕೊಂಡು ಕೂತಿತ್ತು. ಲೆಕ್ಕ ಮಾಡಿ ಉತ್ತರವನ್ನು ತಾನೇ ಕಾಗದದ ಪಟ್ಟಿಯ ಮೇಲೆ ಅಚ್ಚು ಹಾಕಿಕೊಡುವ ಯಂತ್ರ. ಆ ಸಣ್ಣ ಕಾರ್ಖಾನೆಯಲ್ಲಿ ಅದೇ ಮೊದಲನೆಯದು. ಅಂಕಿಗಳನ್ನು ಚುಕ್ಕಿ ಚುಕ್ಕಿಯಾಗಿ ಒತ್ತುವ ಸೂಜಿಗಳ ಹೆಡ್, ಬೆರಳುದ್ದದ್ದು, ಮಾಯವಾಗಿತ್ತು. ಬದಲಿಗೆ ಇನ್ನೊಂದು ಇರಲಿಲ್ಲ. ಮಧ್ಯಾಹ್ನ ಆಸ್ಪತ್ರೆಯವರು ಯಂತ್ರ ನೋಡಲು ಬರುವವರಿದ್ದರು. ಔಷಧದ ಅಳತೆ ಲೆಕ್ಕ ಹಾಕಲು ಅವರಿಗದು ಬೇಕಿತ್ತು.

ಅನುಮಾನದಕ್ಕ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ತಯಾರಾದ ಯಂತ್ರಗಳನ್ನೆಲ್ಲ ಪರೀಕ್ಷಿಸುವವಳು ಅವಳೇ. ಎರಡಕ್ಕೆರಡು ಕೂಡಿ ನಾಲ್ಕೇ ಬಂದರೂ ಇನ್ನೊಮ್ಮೆ ಕೂಡಿಸಿ ನೋಡುವವಳಿಗೆ ಬೇರೆ ಯಾವ ಹೆಸರು ಒಪ್ಪೀತು? ಈ ಸಲ ಮಾತ್ರ ಯಜಮಾನರು ಅವಸರದಲ್ಲಿ ಅವಳ ಪರೀಕ್ಷೆಯನ್ನೇ ಬಿಟ್ಟುಬಿಟ್ಟಿದ್ದರು. ಬೆಳಿಗ್ಗೆಯಿಂದ ಅದು ಅವಳನ್ನು ಚುಚ್ಚುತ್ತಲೇ ಇತ್ತು.

ಕೊಠಡಿಯ ಕೀಲಿ ಇದ್ದದ್ದು ಮೂವರ ಹತ್ತಿರ — ಯಜಮಾನರು, ಯಂತ್ರ ರೂಪಿಸಿದ ಅವಳ ಸ್ವಂತ ತಮ್ಮ, ಮತ್ತು ತಂತಿಗಳಿಗೆಲ್ಲ ಬೆಸುಗೆ ಹಾಕಿದ ಚುರುಕಿ.

"ಇವಳೇ!" ಯಜಮಾನರು ಚುರುಕಿಯ ಕಡೆ ಕೈ ಮಾಡಿದರು. "ಎದುರು ಕಾರ್ಖಾನೆಗೆ ಸೇರ್ತಿದಾಳೆ. ಬರಿಗೈಲಿ ಹೋಗ್ತಾಳಾ? ಪೊಲೀಸರಿಗೆ ಫೋನ್ ಮಾಡ್ತೀನಿ."

"ಕೆಲಸ ಬಿಡ್ತೀನಿ ಅಂದಿದ್ದು ನಿಜ," ಚುರುಕಿ ಅನುಮಾನದಕ್ಕನ ಕಡೆ ತಿರುಗಿದಳು. "ಕದಿಯೋಷ್ಟು ಗತಿಗೆಟ್ಟಿಲ್ಲ. ಕಳ್ಳಿ ಅಂತ ಒಂದ್ಸಲ ಹೆಸರು ಬಂದ್ರೆ ಅಲ್ಲೂ ನನ್ನ ಸೇರಿಸಿಕೊಳ್ಳಲ್ಲ, ಅಕ್ಕಾ."

"ತಾಳಿ ಯಜಮಾನರೇ. ಬಂದ ಮೇಲೆ ನೀವು ಯಂತ್ರ ಮುಟ್ಟಿದ್ರಾ?"

"ಇಲ್ಲ! ಬೆರಳಚ್ಚು ಅಳಿಸಿಹೋದ್ರೆ?"

ಅನುಮಾನದಕ್ಕ ಕಾಗದದ ತುದಿ ಹಿಡಿದು ಎಳೆದಳು. ಸಲೀಸಾಗಿ ಬಂತು. ಇನ್ನೊಮ್ಮೆ ಎಳೆದಳು. ಮತ್ತೆ ಸಲೀಸು. ಬೇರೆ ಯಾರಾದರೂ ಆಗಿರಲಿ ಎಂದು ಅವಳ ಮನಸ್ಸು ಹಂಬಲಿಸಿತು.

"ನಿನ್ನೆ ಕೊನೆಗೆ ಇದನ್ನ ಮುಟ್ಟಿದ್ದು ಯಾರೋ?" ಎಂದು ತಮ್ಮನನ್ನು ಕೇಳಿದಳು.

"ನನಗೇನು ಗೊತ್ತು?" ಅವನು ಕಿಟಕಿಯ ಕಡೆ ನೋಡುತ್ತಿದ್ದ. ಕೂತ; ಎದ್ದ; ಮತ್ತೆ ಕೂತ.

"ಕನ್ನಡಕ ಮೂಗಿನ ಮೇಲೇ ಇದೆ. ಜೇಬಲ್ಲಿರೋ ಅದರ ಡಬ್ಬಿ ಯಾಕೆ ಉಬ್ಬಿದೆ? ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಹಾಗೆ ಆಗ್ಲಿಂದ ಜೇಬು ಮುಟ್ಟಿಕೊಳ್ತಾ ಇದ್ದೀಯ."

ತಮ್ಮ ಡಬ್ಬಿ ಹೊರಗೆ ತೆಗೆದು ತೆರೆದ. ಮೆತ್ತನೆಯ ಬಟ್ಟೆಯೊಳಗೆ ಹೆಡ್ ಇತ್ತು.

"ನೀನಾ?" ಯಜಮಾನರು ತೊದಲಿದರು. "ಅಮ್ಮಾ, ನಿಮಗೆ ಹೇಗೆ ಗೊತ್ತಾಯ್ತು?"

"ಕಾಗದ ಹಿಡಿಯೋ ರಬ್ಬರ್ ರೋಲರ್ ಸಡಿಲ ಮಾಡಿದ್ದ. ಸಂಜೆ ಮನೆಗೆ ಹೋಗುವಾಗ ನಾವ್ಯಾರೂ ಅದನ್ನ ಸಡಿಲಿಸಲ್ಲ, ಬೆಳಿಗ್ಗೆ ಮತ್ತೆ ಓಡಿಸ್ಬೇಕಲ್ಲ? ಯಂತ್ರ ತುಂಬಾ ದಿನ ಸುಮ್ಮನೆ ಕೂರುತ್ತೆ ಅಂದ್ರೆ ಮಾತ್ರ ಸಡಿಲಿಸೋದು. ಇಲ್ಲದಿದ್ರೆ ಒತ್ತಿದ ಕಡೆ ರಬ್ಬರಿಗೆ ತಗ್ಗು ಬೀಳುತ್ತೆ. ಇವತ್ತು ಯಂತ್ರ ಓಡಲ್ಲ, ಆದ್ರೆ ಮುಂದೊಂದು ದಿನ ಓಡಲೇಬೇಕು — ಹಾಗಂತ ಅಂದುಕೊಂಡವನ ಕೆಲಸ ಇದು. ಎದುರು ಕಾರ್ಖಾನೆಗೆ ಹೋಗೋಳಿಗೆ ನಮ್ಮ ರೋಲರ್ ಹಾಳಾದ್ರೆ ಏನು? ನಿಮಗೋ, ಇವತ್ತೇ ಓಡಬೇಕಿತ್ತು. ಉಳಿದವನು ಒಬ್ಬನೇ."

ಅವಳು ತಮ್ಮನ ಕಡೆ ತಿರುಗಿದಳು. "ಯಾಕೋ ಹೀಗೆ ಮಾಡಿದೆ?"

"ಹೆಡ್ ಬಿಸಿಯಾದ್ರೆ ನಡುವಿನ ಸೂಜಿ ಕಚ್ಚಿಕೊಳ್ಳುತ್ತೆ, ಅಕ್ಕ. ಎಂಟರ ನಡುವಿನ ಗೆರೆ ಬೀಳಲ್ಲ. ಎಂಟು ಸೊನ್ನೆ ಆಗುತ್ತೆ. ಸ್ವಲ್ಪ ದಿನ ಕೊಡಿ ಅಂತ ಯಜಮಾನರ ಕಾಲು ಹಿಡಿದೆ. ಕೇಳಲಿಲ್ಲ."

ಯಜಮಾನರು ನಂಬಲಿಲ್ಲ. ಹೆಡ್ ಜೋಡಿಸಿ, ರೋಲರ್ ಬಿಗಿ ಮಾಡಿಸಿ, ಎಂಟುಗಳನ್ನೇ ಒತ್ತಿಸಿದರು. ಯಂತ್ರ ಕಟಕಟ ಎನ್ನುತ್ತಾ ಪಟ್ಟಿ ಹೊರಗೆ ಬಿಟ್ಟಿತು. ಎಂಟು, ಎಂಟು, ಎಂಟು. ಪಟ್ಟಿ ನೆಲ ಮುಟ್ಟಿತು. ಯಜಮಾನರ ಮುಖ ಅರಳುವಷ್ಟರಲ್ಲಿ — ಸೊನ್ನೆ. ಅದರ ಹಿಂದೆಯೇ ಸೊನ್ನೆ, ಸೊನ್ನೆ.

ಅವರು ಫೋನ್ ಎತ್ತಿಕೊಂಡರು. ಈಗ ಕರೆ ಹೋದದ್ದು ಆಸ್ಪತ್ರೆಗೆ.

ತಮ್ಮ ನಿಟ್ಟುಸಿರು ಬಿಟ್ಟ. "ನಾನು ಮಾಡಿದ್ದು ತಪ್ಪಾ, ಅಕ್ಕ? ಜನರ ಪ್ರಾಣದ ವಿಷಯ."

"ಯಂತ್ರ ನಿಲ್ಲಿಸಿದ್ದು ತಪ್ಪಲ್ಲ." ಅನುಮಾನದಕ್ಕನ ಕಣ್ಣಲ್ಲಿ ನೀರೂ ಇತ್ತು, ಕೋಪವೂ ಇತ್ತು. "ಇವಳನ್ನ ಕಳ್ಳಿ ಅಂದಾಗ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆಯಲ್ಲ? ರಬ್ಬರಿಗೆ ತಗ್ಗು ಬೀಳಬಾರದು ಅಂತ ನೆನಪಿಟ್ಟುಕೊಂಡೆ. ಇವಳ ಮರ್ಯಾದೆ ರಬ್ಬರಿಗಿಂತ ಕಡೆಯಾ?"

ತಮ್ಮ ತಲೆ ತಗ್ಗಿಸಿ ಚುರುಕಿಯ ಮುಂದೆ ಹೋಗಿ ನಿಂತ. ಅವಳು ತನ್ನ ಕೀಲಿಯನ್ನು ಮೇಜಿನ ಮೇಲಿಟ್ಟು, ಎದುರಿನ ಕಾರ್ಖಾನೆಗೆ ಹೊರಟುಹೋದಳು.