ಬೆಳೆ ಹಬ್ಬದ ಕುಂಬಳಕಾಯಿ

"ಚೀಲ ಐತೇನ್ರಿ?"

ತಾಯಪ್ಪ ನನ್ನ ಜೊತೆ ಆಡಿದ ಮೊದಲ ಮಾತು ಇದು. ಉಳಿದ ಹುಡುಗಿಯರಿಗೆ ಕಣ್ಣು ಚೆಂದ, ಜಡೆ ಚೆಂದ ಅಂತೆಲ್ಲ ಹೇಳುವವರು ಸಿಗುತ್ತಾರೆ. ನನ್ನ ಹಣೆಬರಹಕ್ಕೆ ಚೀಲ. ಅದೂ ತುಂಬಿದ ಸಭೆಯಲ್ಲಿ, ನಮ್ಮಪ್ಪನ ಎದುರಿಗೆ, ನಮ್ಮಜ್ಜಿಯ ಕುಂಬಳಕಾಯಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಕೇಳಿದ.

ಅದು ಎಪ್ಪತ್ನಾಲ್ಕನೇ ಇಸವಿ. ನಮ್ಮೂರು ಕಡ್ಡಿರಾಂಪುರದಿಂದ ಸ್ವಲ್ಪ ಒಳಗೆ, ಕಾಲುವೆಯ ಪಕ್ಕದಲ್ಲಿ. ಇಪ್ಪತ್ತಾರು ಮನೆಗಳ ಪುಟ್ಟ ಸಭೆ ನಮ್ಮದು. ಚರ್ಚಿಗೆ ತಗಡಿನ ಮಾಡು. ಮಳೆ ಬಂದರೆ ಪಾಸ್ಟರ ಪ್ರಸಂಗ ಪಾಸ್ಟರಿಗೇ ಕೇಳಿಸುತ್ತಿರಲಿಲ್ಲ. ಸೋರುವ ಕಡೆ ಕುಳಿತವರು ಮಾತ್ರ ಕೊನೆಯವರೆಗೂ ಎಚ್ಚರವಾಗಿರುತ್ತಿದ್ದರು. ತಗಡು ತೆಗೆದು ಹೆಂಚು ಹೊದಿಸಬೇಕು ಅಂತ ಮೂರು ವರ್ಷದಿಂದ ಬೆಳೆ ಹಬ್ಬದ ದುಡ್ಡು ಕೂಡಿಡುತ್ತಿದ್ದೆವು.

ಬೆಳೆ ಹಬ್ಬ ಅಂದರೆ ದೀಪಾವಳಿ ಕಳೆದ ಮೇಲಿನ ಭಾನುವಾರ. ಕಾಲುವೆ ನೀರು ಕೊಟ್ಟದ್ದರಲ್ಲಿ ಮೊದಲ ಪಾಲು ದೇವರಿಗೆ. ಸುಗಂಧಿ ಬಾಳೆಗೊನೆ, ಕಬ್ಬು, ಹೊಸ ಭತ್ತ, ಬೆಲ್ಲ, ಕಾಲು ಕಟ್ಟಿದ ಕೋಳಿ ಎಲ್ಲ ಚರ್ಚಿಗೆ ಬರುತ್ತಿದ್ದವು. ಆರಾಧನೆ ಮುಗಿದ ಮೇಲೆ ಬೇವಿನ ಮರದ ಕೆಳಗೆ ಅವುಗಳ ಸವಾಲು, ಅಂದರೆ ಹರಾಜು. ಕೂಗುವವರು ನಮ್ಮಪ್ಪ ಗುಡ್ಡಪ್ಪ. ಅಪ್ಪನ ಗಂಟಲಿಗೆ ಮೈಕು ಬೇಕಿರಲಿಲ್ಲ.

ಬಾಳೆ, ಕೋಳಿ ಎಲ್ಲ ಕೊಂಡವರ ಮನೆಗೆ ಹೋಗುತ್ತಿದ್ದವು. ಕೊನೆಗೆ ಬರುವ ನಮ್ಮಜ್ಜಿ ಗಾಳೆಮ್ಮನ ಹಿತ್ತಲಿನ ಕುಂಬಳಕಾಯಿ ಮಾತ್ರ ಯಾರ ಮನೆಗೂ ಹೋಗುತ್ತಿರಲಿಲ್ಲ. ಸವಾಲು ಗೆದ್ದವರು ದುಡ್ಡು ಕೊಟ್ಟು, ಕಾಯಿ ಮುಟ್ಟಿ, "ದೇವರದು ದೇವರಿಗೆ" ಅನ್ನಬೇಕು. ಕಾಯಿ ತಿರುಗಿ ಮೇಜಿಗೆ ಬರುತ್ತದೆ, ಅಪ್ಪ ಮತ್ತೆ ಕೂಗುತ್ತಾರೆ. ಹಿಂದಿನ ವರ್ಷ ಒಂದೇ ಕಾಯಿ ಹದಿನಾಲ್ಕು ಸಲ ಮಾರಾಟವಾಗಿತ್ತು. ಹೆಂಚಿನ ದುಡ್ಡಿನಲ್ಲಿ ಅರ್ಧ ಆ ಕಾಯಿಯದೇ. ಸಂಜೆ ಅದು ಪಾಸ್ಟರ ಮನೆಯ ಅಟ್ಟ ಸೇರುತ್ತಿತ್ತು. ಪಾಸ್ಟರಿಗೆ ಕುಂಬಳಕಾಯಿ ಆಗುವುದಿಲ್ಲ ಅನ್ನುವುದು ಊರಿಗೆಲ್ಲ ಗೊತ್ತಿತ್ತು. ಅಜ್ಜಿಗೊಬ್ಬಳಿಗೆ ಗೊತ್ತಿಲ್ಲ ಅಂತ ನಾವು ಅಂದುಕೊಂಡಿದ್ದೆವು.

ಇದೆಲ್ಲ ತಾಯಪ್ಪನಿಗೆ ಯಾರು ಹೇಳಬೇಕಿತ್ತು? ಅವನು ಕಾಲುವೆಗೆ ಹೊಸ ನೀರುಗಂಟಿಯಾಗಿ, ಅಂದರೆ ಪಾಳಿಯಂತೆ ಗದ್ದೆಗಳಿಗೆ ನೀರು ಬಿಡುವವನಾಗಿ, ಬಂದು ಹದಿನೈದು ದಿನವಾಗಿತ್ತು. ಮರಿಯಮ್ಮನಹಳ್ಳಿ ಕಡೆಯವನು. ಮೊದಲನೇ ಸುತ್ತಿನಲ್ಲೇ ಹದಿನಾರು ರೂಪಾಯಿ ಕೂಗಿದ. ಅಪ್ಪ ಖುಷಿಯಿಂದ "ಮೂರನೇ ಸಲ!" ಅಂತ ಮೇಜು ಗುದ್ದಿದರು. ಎಲ್ಲರೂ ಆ ಎರಡು ಪದಕ್ಕೆ ಕಾದರು.

ಅವನು ಕಾಯಿ ಎತ್ತಿಕೊಂಡು ಸುತ್ತ ನೋಡಿದ. ಹತ್ತಿರ ಇದ್ದವಳು ನಾನು. ಕೇಳಿಯೇಬಿಟ್ಟ.

ನಾನೋ, ಸಂಡೇ ಸ್ಕೂಲಿನ ಹಾಡಿನ ಪುಸ್ತಕಗಳನ್ನು ಬೆಂಚಿನ ಮೇಲೆ ಸುರಿದು, ನಾನೇ ಹೊಲಿದ ಹಸಿರು ಬಟ್ಟೆಯ ಚೀಲವನ್ನು ಕೊಟ್ಟೆ. ಯಾಕೆ ಕೊಟ್ಟೆ ಅಂತ ಅಪ್ಪ ಮನೆಯಲ್ಲಿ ಹತ್ತು ಸಲ ಕೇಳಿದರು. ಏನು ಹೇಳಲಿ? ಅವನ ಮುಖದಲ್ಲಿ ಅಷ್ಟು ಸಂತೋಷವಿತ್ತು. ಕುಂಬಳಕಾಯಿಗೆ ಅಷ್ಟು ಸಂತೋಷಪಡುವ ಗಂಡಸನ್ನು ನಾನು ನೋಡಿರಲಿಲ್ಲ. ಸೈಕಲ್ಲಿನ ಹ್ಯಾಂಡಲ್ಲಿಗೆ ಚೀಲ ಸಿಕ್ಕಿಸಿ ಅವನು ಹೋದ. ಅಪ್ಪ ಬಾಯಿ ತೆರೆದುಕೊಂಡು ನಿಂತೇ ಇದ್ದರು.

ಮರುದಿನ ಅಜ್ಜಿ ನನ್ನನ್ನು ಕರೆದುಕೊಂಡು ಕಾಲುವೆ ಕ್ವಾರ್ಟರ್ಸಿಗೆ ಹೊರಟಳು. ದಾರಿಯುದ್ದಕ್ಕೂ ಏನೇನು ಬೈಯಬೇಕು ಅಂತ ನಾನು ಜೋಡಿಸಿಕೊಂಡೆ. ಹೋಗಿ ನೋಡಿದರೆ ದೊಡ್ಡ ಪಾತ್ರೆ ಖಾಲಿಯಾಗುತ್ತಾ ಬಂದಿತ್ತು. ಕಾಲುವೆಯ ಹೂಳೆತ್ತುವ ಕೂಲಿಯವರು ಸಾಲಾಗಿ ಕುಳಿತು ರೊಟ್ಟಿ, ಕುಂಬಳಕಾಯಿ ಪಲ್ಯ ಉಣ್ಣುತ್ತಿದ್ದರು.

"ಬರ್ರಿ ಅಮ್ಮಾರ, ಕುಂದ್ರಿ. ನೀವೂ ಒಂದು ತುತ್ತು ಉಣ್ರಿ" ಅಂದ ತಾಯಪ್ಪ.

"ಏನ್ರಿ, ಕಾಯಿ ಕೊಯ್ದೇಬಿಟ್ರ್ಯಾ?" ನನ್ನ ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿತ್ತು. "ಅದು ದೇವರಿಗೆ ತಿರುಗಿ ಕೊಡೋ ಕಾಯ್ರಿ! ಅದರಿಂದ ನಮ್ಮ ಚರ್ಚಿಗೆ ಹೆಂಚು ಬರ್ತಿದ್ವು."

ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಅವನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಕಿವಿ ಕೆಂಪಾದವು.

"ತಪ್ಪಾತ್ರಿ" ಅಂದ. "ನಮ್ ಕಡಿ ಮಳಿ ನಂಬಿದ ಬೆಳಿ. ದೇವರ ಸವಾಲಿನಾಗ ತಗೊಂಡದ್ದನ್ನ ಮನಿಗೆ ಒಯ್ದು, ನಾಕು ಮಂದಿಗೆ ಹಂಚಿ ಉಣ್ಣಬೇಕ್ರಿ. ತಿರುಗಿ ಕೊಟ್ರ ಬೆಳದೋರು ಭಾಳ ನೊಂದ್ಕಂತಾರ, ನಮ್ಮ ಕಾಯಿ ಇವಂಗ ಬ್ಯಾಡಾತು ಅಂತ."

ನನ್ನ ಬೈಗುಳಗಳೆಲ್ಲ ಎಲ್ಲಿ ಹೋದವೋ. ಅಜ್ಜಿ ನೆಲಕ್ಕೆ ಕುಳಿತು ತಟ್ಟೆ ಎಳೆದುಕೊಂಡಳು. ಒಂದು ತುತ್ತು, ಎರಡು ತುತ್ತು. "ಇನ್ನೊಂಚೂರು ಹಾಕಪ" ಅಂದಳು.

ಉಂಡು ಕೈ ತೊಳೆದು ಹೇಳಿದಳು: "ನನ್ ಕಾಯಿನ ಊರೆಲ್ಲಾ ಮುಟ್ಟ್ಯದ. ಉಂಡಾವ ನೀನೊಬ್ಬನೇ ನೋಡಪ."

ಹೊರಡುವಾಗ ಕಂಡೆ, ಕಿಟಕಿಯ ಹತ್ತಿರ ಮೊರದಲ್ಲಿ ಬೀಜ ಒಣಗುತ್ತಿದ್ದವು. ನನ್ನ ಚೀಲ ತೊಳೆದು ಹಗ್ಗದ ಮೇಲಿತ್ತು.

"ಒಣಗಿಂದ ಭಾನುವಾರ ತಂದು ಕೊಡ್ತೀನ್ರಿ" ಅಂದ.

ತರಲಿಲ್ಲ.

ಆ ಭಾನುವಾರವೂ ಇಲ್ಲ, ಮುಂದಿನ ಭಾನುವಾರವೂ ಇಲ್ಲ. ಚರ್ಚಿಗೆ ಮಾತ್ರ ತಪ್ಪದೆ ಬರುತ್ತಿದ್ದ. ಊರು ಅವನಿಗೆ 'ಚೀಲದ ತಾಯಪ್ಪ' ಅಂತ ಹೆಸರಿಟ್ಟಿತ್ತು. ಕರೆದರೆ ಓ ಅನ್ನುತ್ತಿದ್ದ. ಗಂಡಸರ ಸಾಲಿನಲ್ಲಿ ಮೂರನೇ ಬೆಂಚು ಅವನದು. ಪಕ್ಕದ ಹೆಂಗಸರ ಸಾಲಿನಲ್ಲಿ ಎರಡನೆಯದು ನನ್ನದು. ಪ್ರಾರ್ಥನೆಗೆ ಎಲ್ಲರೂ ಕಣ್ಣು ಮುಚ್ಚಿದಾಗ ನಾನು ಒಂದು ಕಣ್ಣು ತೆರೆಯುತ್ತಿದ್ದೆ. ಅವನದೂ ಒಂದು ತೆರೆದಿರುತ್ತಿತ್ತು. ಇಬ್ಬರೂ ಗಡಬಡಿಸಿ ಮುಚ್ಚಿಕೊಳ್ಳುತ್ತಿದ್ದೆವು. ದೇವರು ಕ್ಷಮಿಸಲಿ, ಆ ವರ್ಷದ ಒಂದು ಪ್ರಾರ್ಥನೆಯೂ ನನಗೆ ನೆನಪಿಲ್ಲ.

ಒಮ್ಮೆ ಕಾಲುವೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದಾಗ ಅವನು ದಂಡೆಯ ಮೇಲೆ ಬಂದ.

"ನನ್ ಚೀಲ ಎಲ್ಲೈತ್ರಿ?" ಅಂತ ಕೇಳಿದೆ.

"ಜ್ವಾಪಾನ ಐತ್ರಿ."

"ಜ್ವಾಪಾನ ಮಾಡಾಕ ಕೊಟ್ಟಿದ್ನೇನ್ರಿ?"

ಅವನು ನಕ್ಕ. ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತಿತ್ತು. ನಾನು ಒಗೆದ ಸೀರೆಯನ್ನೇ ಮತ್ತೆ ಒಗೆದೆ.

ಅಷ್ಟರಲ್ಲಿ ಅಪ್ಪನಿಗೂ ಅವನಿಗೂ ಕೆಟ್ಟಿತು. ಮುಂದಿನ ಶ್ರಾವಣದಲ್ಲಿ ನಮ್ಮ ಗದ್ದೆಗೆ ಒಂದು ದಿನ ಮುಂಚೆ ನೀರು ಬಿಡು ಅಂತ ಅಪ್ಪ ಕೇಳಿದರು. "ಪಾಳಿ ಹೊಳೆಮ್ಮನದು ಐತ್ರಿ. ನಿಮ್ಮದು ನಾಳಿ" ಅಂದನಂತೆ. ಹೊಳೆಮ್ಮ ಅರ್ಧ ಎಕರೆಯ ಒಂಟಿ ಹೆಂಗಸು. ನ್ಯಾಯ ಅವನ ಕಡೆಗೇ ಇತ್ತು. ಅದಕ್ಕೇ ಅಪ್ಪನಿಗೆ ಇನ್ನೂ ಸಿಟ್ಟು.

"ಚರ್ಚಿನ ಕಾಯಿ ಉಂಡ. ಈಗ ನನಗ ಪಾಳಿ ಹೇಳಾಕ ಬಂದಾನ. ಆ ಚೀಲದಾವನ ಹೆಸರು ಈ ಮನಿಯಾಗ ಎತ್ತಬ್ಯಾಡ್ರಿ" ಅಂದರು.

ದಸರೆಯ ಹೊತ್ತಿಗೆ ಸಂಡೂರಿನಿಂದ ನನಗೊಂದು ಸಂಬಂಧ ಬಂತು. ಹುಡುಗ ಗಣಿ ಆಫೀಸಿನಲ್ಲಿ ಗುಮಾಸ್ತ. ಒಳ್ಳೆಯವನೇ ಇರಬೇಕು, ಅವನ ಮೇಲೆ ನನ್ನದೇನೂ ದೂರಿಲ್ಲ. ಬೆಳೆ ಹಬ್ಬದ ಮರುದಿನ ಒಪ್ಪಿಗೆಯ ಮಾತು ಕಳಿಸುತ್ತೇನೆ ಅಂತ ಅಪ್ಪ ಹೇಳಿ ಕಳಿಸಿದರು. ನನ್ನನ್ನು ಕೇಳಿದರು ಅಂತಲೇ ಇಟ್ಟುಕೊಳ್ಳಿ. "ಏನಂತಿ ಸುವಾರ್ತಾ?" ಅಂದರು. ನಾನು ಸುಮ್ಮನಿದ್ದೆ. ಸುಮ್ಮನಿದ್ದರೆ ಹೂಂ ಅಂತ ಅರ್ಥ ಮಾಡಿಕೊಳ್ಳುವ ಮನೆ ನಮ್ಮದು.

ನನಗೆ ತಾಯಪ್ಪ ಬೇಕಾಗಿದ್ದ. ಆದರೆ ಒಂದು ಚೀಲವನ್ನೂ ತಿರುಗಿ ಕೊಡದವನ ಮನಸ್ಸಿನಲ್ಲಿ ಏನಿದೆ ಅಂತ ಹೇಗೆ ತಿಳಿಯಬೇಕು?

ಆ ವರ್ಷ ಅಜ್ಜಿ ಹಿತ್ತಲಲ್ಲಿ ಕುಂಬಳದ ಬೀಜ ಹಾಕಲೇ ಇಲ್ಲ. ಕೇಳಿದರೆ, "ಬೀಜ ಎಲ್ಲದಾವೋ ಕಾಯಿ ಅಲ್ಲೇ ಬರ್ತದ" ಅಂದುಬಿಟ್ಟಳು. ಹಬ್ಬಕ್ಕೆ ಕುಂಬಳಕಾಯಿಯೇ ಇಲ್ಲ ಅಂತ ಅಪ್ಪ ತಲೆ ಕೆಡಿಸಿಕೊಂಡರು.

ಬೆಳೆ ಹಬ್ಬದ ಬೆಳಿಗ್ಗೆ ಪಾಸ್ಟರು ಇನ್ನೂ ಗಂಟೆ ಹೊಡೆಸಿರಲಿಲ್ಲ. ಕಾಲುವೆ ದಾರಿಯಲ್ಲಿ ಎತ್ತಿನ ಗಾಡಿಯೊಂದು ಬಂತು. ಗಾಡಿಯ ತುಂಬ ಕುಂಬಳಕಾಯಿ! ಹಳದಿ, ಕೇಸರಿ, ಇನ್ನೂ ಹಸಿರು ಬಿಡದವು. ಮುಂದೆ ಎತ್ತಿನ ಹಗ್ಗ ಹಿಡಿದು ನಡೆದು ಬರುತ್ತಿದ್ದವನು ತಾಯಪ್ಪ.

"ಅಮ್ಮಾರ ಕಾಯಿ ಬೀಜದವ್ರಿ" ಅಂದ ಅಪ್ಪನಿಗೆ. "ಕ್ವಾರ್ಟರ್ಸ್ ಹಿಂದ ಹಾಕಿದ್ದೆ. ಮೂವತ್ತೇಳು ಬಂದಾವು. ಎಲ್ಲಾ ದೇವರಿಗೇರಿ."

ಅಪ್ಪ ಗಾಡಿಯ ಸುತ್ತ ನಡೆದು ಕಾಯಿಗಳನ್ನು ಒಂದೊಂದಾಗಿ ಎಣಿಸಿದರು. ಇಳಿಸುವುದಕ್ಕೆ ಊರೇ ಕೈ ಹಾಕಿತು. ಆ ದಿನದ ಕೃತಜ್ಞತಾ ಪ್ರಾರ್ಥನೆಯಲ್ಲಿ ಪಾಸ್ಟರು ನೀರಿಗೆ, ಮಣ್ಣಿಗೆ, ಬೀಜಕ್ಕೆ ಸ್ತೋತ್ರ ಹೇಳಿದರು. "ಉಂಡವರಿಗೂ ಸ್ತೋತ್ರ" ಅಂತ ಸೇರಿಸಿದಾಗ ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ, ಕಣ್ಣು ಒರೆಸಿಕೊಂಡೆ.

ಸವಾಲಿನಲ್ಲಿ ಮೂವತ್ತಾರು ಕಾಯಿ ಮನೆಮನೆಯ ಪಾಲಾದವು. ಎಲ್ಲಕ್ಕಿಂತ ದೊಡ್ಡದನ್ನು ಅಜ್ಜಿ ಕೊನೆಗೆ ಇಡಿಸಿದಳು. ಅದು ಸುತ್ತು ಹೊಡೆಯಿತು ನೋಡಿ! ಪಾಸ್ಟರು ಕೊಂಡರು, "ದೇವರದು ದೇವರಿಗೆ." ಹೊಳೆಮ್ಮನ ಹೆಸರಿನಲ್ಲಿ ಅವಳ ತಮ್ಮ ಕೂಗಿ ಕೊಂಡ, "ದೇವರದು ದೇವರಿಗೆ." ಹತ್ತೊಂಬತ್ತನೇ ಸುತ್ತಿಗೆ ಅಪ್ಪ ಟವೆಲ್ಲು ಬೀಸಿ, "ಹೆಂಚಿನ ದುಡ್ಡು ಪೂರಾ ಆತು!" ಅಂತ ಕೂಗಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ಇನ್ನೊಂದು ಕಡೇ ಸುತ್ತು. ಯಾರ್ರಿ?"

ಹೆಂಗಸರು ಸವಾಲು ಕೂಗಬಾರದು ಅಂತ ಕಾನೂನೇನೂ ಇರಲಿಲ್ಲ. ಯಾರೂ ಕೂಗಿರಲಿಲ್ಲ, ಅಷ್ಟೇ. ಸಂಡೂರಿಗೆ ನಾಳೆ ಮಾತು ಹೋಗುತ್ತದೆ. ಬ್ಲೌಸು ಹೊಲಿದು ಕೂಡಿಸಿದ ದುಡ್ಡು ಸೆರಗಿನ ಗಂಟಿನಲ್ಲಿತ್ತು. ಎದ್ದು ನಿಂತೆ.

"ಹದಿನಾರು ರೂಪಾಯಿ" ಅಂದೆ.

ಅಪ್ಪ ನನ್ನನ್ನು ನೋಡಿದರು. ಮಗಳು ಚರ್ಚಿಗೆ ಕೊಡುತ್ತಿದ್ದಾಳೆ ಅಂತ ಅವರ ಮುಖ ಅರಳಿತು. "ಒಂದನೇ ಸಲ, ಎರಡನೇ ಸಲ, ಮೂರನೇ ಸಲ!" ಮೇಜು ಗುದ್ದಿದರು.

ಮುಂದೆ ಹೋಗಿ ದುಡ್ಡು ಇಟ್ಟೆ. ಕಾಯಿ ಮುಟ್ಟಿದೆ. ಎಲ್ಲರೂ ಆ ಎರಡು ಪದಕ್ಕೆ ಕಾದರು. ನಾನು ತಿರುಗಿ ಗಂಡಸರ ಸಾಲಿನ ಕಡೆ ನೋಡಿದೆ. ಅವನು ಎರಡೂ ಕಣ್ಣು ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದ.

"ಚೀಲ ಐತೇನ್ರಿ?" ಅಂದೆ.

ಅಜ್ಜಿಯೇ ಮೊದಲು ನಕ್ಕಿದ್ದು, ಇದ್ದ ನಾಲ್ಕು ಹಲ್ಲೂ ಕಾಣುವಂತೆ.

ತಾಯಪ್ಪ ಎದ್ದ. ಅಂಗಿಯ ಒಳಜೇಬಿಗೆ ಕೈ ಹಾಕಿದ. ಹಸಿರು ಚೀಲ ಹೊರಗೆ ಬಂತು, ಇಸ್ತ್ರಿ ಮಾಡಿ ನಾಲ್ಕು ಮಡಿಕೆ ಮಡಿಸಿದ್ದು. ಅದನ್ನು ಬಿಡಿಸುತ್ತಾ ಮೇಜಿನ ತನಕ ನಡೆದು ಬಂದ.

"ಐತ್ರಿ" ಅಂದ. "ಪ್ರತಿ ಭಾನುವಾರ ತಂದೀನ್ರಿ. ಕೊಟ್ಟುಬಿಟ್ರ ನಿಮ್ಮ ಹತ್ರ ಮಾತಾಡಾಕ ಏನು ನೆಪ ಉಳೀತಿತ್ತ್ರಿ?"

ಕುಂಬಳಕಾಯಿ ಇನ್ನೂ ಅಪ್ಪನ ಕೈ ಕೆಳಗೇ ಇತ್ತು. ಅಪ್ಪನಿಗೆ ಎಲ್ಲ ಅರ್ಥವಾಗಿತ್ತು. ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಲಿಲ್ಲ. ಅಜ್ಜಿಯನ್ನು ನೋಡಿದರು. ಮನೆಮನೆಯ ಮಡಿಲಲ್ಲಿ ಕುಳಿತಿದ್ದ ಮೂವತ್ತಾರು ಕಾಯಿಗಳನ್ನು ನೋಡಿದರು. ಹೊಳೆಮ್ಮ ತನ್ನ ಕಾಯಿಯನ್ನು ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದಳು. ಅಪ್ಪನ ಕಣ್ಣು ಅಲ್ಲಿ ಸ್ವಲ್ಪ ಹೊತ್ತು ನಿಂತಿತು.

ಆಮೇಲೆ ಎರಡೂ ಕೈಯಿಂದ ಕಾಯಿ ಎತ್ತಿದರು.

"ಲೇ ತಾಯಪ್ಪ, ಚೀಲ ಸರಿಯಾಗಿ ಹಿಡಿಯಪ" ಅಂದರು. "ಬಿಟ್ಟಿ ಅಂದ್ರ ನೋಡು ಮತ್ತ."

ಮರುದಿನ ಸಂಡೂರಿಗೆ ಬೇರೆ ಮಾತು ಹೋಯಿತು.

ಹಬ್ಬದ ದಿನದ ಸಾಯಂಕಾಲವೇ ಕಾಲುವೆಯ ದಂಡೆಯ ಮೇಲೆ ಅಜ್ಜಿ ಮುಂದೆ, ನಾವಿಬ್ಬರು ಹಿಂದೆ. ಅಜ್ಜಿ ಬೇಕೆಂದೇ ಜಲ್ದಿ ಜಲ್ದಿ ನಡೆಯುತ್ತಿದ್ದಳು. ಚೀಲದ ಒಂದು ಹಿಡಿ ಅವನ ಕೈಯಲ್ಲಿ, ಒಂದು ನನ್ನ ಕೈಯಲ್ಲಿ. ಕಾಯಿ ಭಾರವಿತ್ತು. ನನಗೆ ಆ ಭಾರ ಇನ್ನಷ್ಟು ದೂರ ಬೇಕಾಗಿತ್ತು. ನಮ್ಮೂರಿನ ಕಾಲುವೆಗೂ, ಹುಳ ಬೀಳದ ಬೀಜಕ್ಕೂ, ನಮ್ಮ ಪದ್ಧತಿ ಗೊತ್ತಿಲ್ಲದೆ ಬಂದ ಈ ಮನುಷ್ಯನಿಗೂ ಮನಸ್ಸಿನಲ್ಲೇ ಸ್ತೋತ್ರ ಹೇಳಿದೆ. ಈ ಸಲ ಕಣ್ಣು ಮುಚ್ಚಲಿಲ್ಲ.

ನಮ್ಮ ಮನೆಯ ಬಾಗಿಲಲ್ಲಿ ಅವನು ಕಾಯಿ ಇಳಿಸಿ, ಖಾಲಿ ಚೀಲ ಮಡಿಸುತ್ತಾ ನಿಂತ.

"ಈಗರ ಚೀಲ ತಿರುಗಿ ಕೊಡ್ಲೇನ್ರಿ?"

"ಬ್ಯಾಡ್ರಿ" ಅಂದೆ. "ಇನ್ನ ಸ್ವಲ್ಪ ದಿನಕ್ಕ ನಾನೇ ಅದಿದ್ದ ಮನಿಗೆ ಬರ್ತೀನಲ್ಲ."