ಎರಡು ಬಾಲದ ಹುಳ, ಮೂರು ವಾರದ ಸುಳ್ಳು

ಮೊದಲ ಸಲ ನೋಡಿದಾಗ ಅವಳು ಮಂಡಿಯುದ್ದ ನೀರಲ್ಲಿ ನಿಂತು ನದಿಯನ್ನು ಒದೆಯುತ್ತಿದ್ದಳು. ಯಾರ ಮೇಲಿನ ಸಿಟ್ಟನ್ನೋ ನದಿಯ ಮೇಲೆ ತೀರಿಸಿಕೊಳ್ಳುತ್ತಿದ್ದಾಳೆ ಅಂದುಕೊಂಡು ದಡದಿಂದಲೇ ಸಮಾಧಾನ ಹೇಳಿದೆ.

"ಆದದ್ದಾಯ್ತು ಮೇಡಂ, ಮೇಲೆ ಬನ್ನಿ."

"ಬಲೆ ಹಿಡ್ಕೊಳ್ಳಿ," ಅಂದಳು.

ನಾನಾಗ ನೀರು ಪರೀಕ್ಷೆ ಆಫೀಸಿನ ಜೀಪ್ ಡ್ರೈವರ್. ಆ ಜೀಪಿಗೆ ಬ್ರೇಕ್ ಇರಲಿಲ್ಲ. ನಾನು ಗದರಿದರೆ ನಿಲ್ಲುತ್ತಿತ್ತು. ಅವಳು ಮೂರು ತಿಂಗಳ ಮಟ್ಟಿಗೆ ನದಿಯ ಆರೋಗ್ಯ ನೋಡಲು ಬಂದವಳು. ಅವಳು ಕಲ್ಲು ಒದೆಯುವುದು, ಕಲ್ಲಿನಡಿಯ ಹುಳಗಳು ಎದ್ದು ತೇಲುವುದು, ಕೆಳಗೆ ನಿಂತ ನಾನು ಬಲೆಯಲ್ಲಿ ಹಿಡಿಯುವುದು. ಆಮೇಲೆ ಬಿಳಿ ಟ್ರೇಗೆ ಸುರಿದು ಒಂದೊಂದನ್ನೇ ಎಣಿಸುವುದು. ಬಾಟಲಿ ನೀರಿನ ಪರೀಕ್ಷೆ ಸಾಲದೇ ಎಂದು ಕೇಳಿದ್ದೆ. ಬಾಟಲಿಯ ನೀರು ಆ ಕ್ಷಣದ್ದನ್ನಷ್ಟೇ ಹೇಳುತ್ತದೆ, ತಳದಲ್ಲಿ ಸಂಸಾರ ಹೂಡಿದವರನ್ನು ಕೇಳಿದರೆ ಮನೆಯ ಒಳಗಿನದೆಲ್ಲ ಗೊತ್ತಾಗುತ್ತದೆ ಅಂದಳು.

ಸ್ಟೋನ್‌ಫ್ಲೈ ಎಂಬ ಎರಡು ಬಾಲದ ಹುಳದ ಮರಿ ಸಿಕ್ಕರೆ ನೀರು ಚೆನ್ನಾಗಿದೆ ಎಂದರ್ಥ. ಬರೀ ಕೆಂಪು ಹುಳ, ಜಿಗಣೆ ಸಿಕ್ಕರೆ ಕೆಟ್ಟಿದೆ ಎಂದರ್ಥ.

ಇಪ್ಪತ್ತಾರು ವರ್ಷವಾಯಿತು. ಆ ಲ್ಯಾಬಿನ ಸ್ಪಿರಿಟ್ ವಾಸನೆ, ಅವಳ ಒದ್ದೆ ತೋಳು, ಜಡೆಗೆ ಸಿಕ್ಕಿಸಿದ ಪೆನ್ಸಿಲು ಇವತ್ತಿಗೂ ಹಾಗೇ ಇವೆ. ಭೂತಗನ್ನಡಿಯ ಹಿಂದೆ ಅವಳ ಕಣ್ಣು ಲಿಂಬೆಹಣ್ಣಿನಷ್ಟಾಗುತ್ತಿತ್ತು. ಒಮ್ಮೊಮ್ಮೆ ಆ ಕಣ್ಣು ಹುಳ ಬಿಟ್ಟು ನನ್ನ ಕಡೆ ತಿರುಗುತ್ತಿತ್ತು, ಇದನ್ನು ಯಾವ ಗುಂಪಿಗೆ ಸೇರಿಸುವುದೋ ತಿಳಿಯದಂತೆ. ನಾನೂ ಹುಳದ ಹಾಗೆ ಅಲ್ಲಾಡದೆ ಕೂತಿರುತ್ತಿದ್ದೆ.

ಮೂರು ತಿಂಗಳು ಮುಗಿಯುತ್ತ ಬಂತು. ಉಳಿದದ್ದು ಬಣ್ಣದ ಕಾರ್ಖಾನೆಯ ಕೆಳಗಿನ ಜಾಗ ಒಂದೇ. ಅಲ್ಲಿ ಕೆಂಪು ಹುಳ ಬಿಟ್ಟು ಏನೂ ಸಿಗುವುದಿಲ್ಲ, ಅವಳು ಬರೆದುಕೊಂಡು ಹೊರಟುಹೋಗುತ್ತಾಳೆ. ಅದಕ್ಕೇ ಮೇಲಿನ ತಣ್ಣನೆ ಹೊಳೆಯಿಂದ ನಾಲ್ಕು ಸ್ಟೋನ್‌ಫ್ಲೈ ಮರಿಗಳನ್ನು ಐಸು, ಪಾಚಿ ಸಮೇತ ಊಟದ ಡಬ್ಬಿಯಲ್ಲಿ ತಂದು, ಅವಳು ಆಚೆ ತಿರುಗಿದಾಗ ಮೆಲ್ಲಗೆ ಬಲೆಗೆ ಬಿಟ್ಟೆ.

ಅವಳು ಟ್ರೇಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಇನ್ನೊಂದು ವಾರ ನೋಡಬೇಕಾಗುತ್ತದೆ ಅಂದಳು.

ಅವತ್ತು ಜೀಪು ಏರುದಾರಿಯಲ್ಲಿ ತಾನಾಗಿಯೇ ಟಾಪ್ ಗೇರಿಗೆ ಬಿತ್ತು. ಮರುವಾರ ಮತ್ತೆ ನಾಲ್ಕು. ಅದರ ಮರುವಾರ ಮತ್ತೆ ನಾಲ್ಕು. ಕ್ಯಾಂಟೀನಿನಲ್ಲಿ ಕೂತು, ಕಾರ್ಖಾನೆಯ ಕೆಳಗೂ ಒಳ್ಳೆಯ ನೀರಿನ ಹುಳ ಸಿಗುತ್ತಿದೆ ಎಂದು ಕೊಚ್ಚಿಕೊಂಡೆ.

ಆ ಮಾತು ಅಕ್ಕನ ಬೀದಿ ತಲುಪಿತು. ಅಕ್ಕನ ಮನೆ ಇದ್ದದ್ದು ಕಾರ್ಖಾನೆಯ ಕೆಳಗಡೆ. ನೀರು ಕೆಟ್ಟಿದೆಯೆಂದು ವರ್ಷದಿಂದ ಅವರ ಬೀದಿಗೆ ನದಿ ನೀರು ಬಿಡುವ ಪಂಪು ಮುಚ್ಚಿತ್ತು.

"ಲೋ, ನೀರು ಸರಿಹೋಯ್ತಂತಲ್ಲೋ," ಅಂದಳು ಫೋನಿನಲ್ಲಿ. "ನಿಮ್ ರಿಪೋರ್ಟ್ ಬಂದ್ರೆ ಪಂಪ್ ಬಿಡ್ತಾರಂತೆ. ಇನ್ಮೇಲೆ ಮಕ್ಕಳಿಗೆ ನದಿ ನೀರೇ ಕುಡಿಸ್ಬಹುದು."

ರಿಸೀವರ್ ಇಟ್ಟವನು ನೇರ ಲ್ಯಾಬಿಗೆ ಹೋದೆ. ಹೇಳಿದರೆ ಅವಳು ಮುಖ ನೋಡುವುದಿಲ್ಲ. ಹೇಳದಿದ್ದರೆ ಅಕ್ಕನ ಮಕ್ಕಳು ಆ ನೀರು ಕುಡಿಯುತ್ತಾರೆ.

"ಮೇಡಂ, ಆ ಹುಳ ನಾನು ಹಾಕಿದ್ದು. ನೀವು ಹೊರಟುಹೋಗ್ತೀರಲ್ಲ ಅಂತ."

ಅವಳು ನೋಟ್‌ಬುಕ್ಕನ್ನು ನನ್ನ ಕಡೆ ತಳ್ಳಿದಳು. ಮೊದಲ ವಾರದ ಪುಟದಲ್ಲಿ ಪೆನ್ಸಿಲಿನಲ್ಲಿ ಬರೆದಿತ್ತು: ಕೆಂಪು ಹುಳ ಇನ್ನೂರ ಹನ್ನೆರಡು, ಜಿಗಣೆ ಒಂಬತ್ತು. ಸ್ಟೋನ್‌ಫ್ಲೈ ನಾಲ್ಕು, ಡ್ರೈವರ್ ತಂದದ್ದು, ಲೆಕ್ಕಕ್ಕಿಲ್ಲ.

"ಆ ನೀರಲ್ಲಿ ಅದಕ್ಕೆ ಉಸಿರೇ ಸಿಗಲ್ಲ," ಅಂದಳು. "ಅದೂ ಅಲ್ದೆ ಒಂದರ ಬೆನ್ನ ಮೇಲೆ ಅನ್ನದ ಅಗುಳಿತ್ತು."

ರಿಪೋರ್ಟನ್ನು ಮೊದಲ ವಾರವೇ ಟಪಾಲಿಗೆ ಹಾಕಿದ್ದಳಂತೆ. ನೀರು ಕೆಟ್ಟಿದೆ, ಪಂಪು ಬಿಡಕೂಡದು ಎಂದೇ ಬರೆದಿದ್ದಳಂತೆ. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಆಮೇಲೆ ತಲೆ ಓಡಿತು.

"ಮತ್ತೆ ಇನ್ನೊಂದು ವಾರ, ಇನ್ನೊಂದು ವಾರ ಅಂದ್ರಲ್ಲ ಮೇಡಂ?"

ಒರೆಸಿದ ಭೂತಗನ್ನಡಿಯನ್ನೇ ಅವಳು ಮತ್ತೆ ಒರೆಸಿದಳು. "ಹೋಗೋಕೆ ಕಾಲೇ ಬರ್ಲಿಲ್ಲ."

ಆಮೇಲೆ ಚೆನ್ನಾಗಿ ಬೈದಳು. ನನ್ನಿಂದ ಸತ್ತ ಹುಳಗಳ ಹೆಸರು ಹಿಡಿದು ಬೈದಳು. ಅಕ್ಕನಿಗೆ ನಿಜ ಹೇಳಲು ಕಳಿಸಿದಳು. ಅಕ್ಕ ನಾಲ್ಕು ದಿನ ನನ್ನನ್ನು ಮಾತಾಡಿಸಲಿಲ್ಲ. ಮುಂದಿನ ವಾರಕ್ಕೆಂದು ನಾನು ಡಬ್ಬಿಯಲ್ಲಿ ಹಿಡಿದಿಟ್ಟಿದ್ದ ಹುಳಗಳನ್ನು ಇಬ್ಬರೂ ಮೇಲಿನ ಹೊಳೆಗೆ ಬಿಟ್ಟು ಬಂದೆವು. ಅವು ಕಲ್ಲಿನಡಿ ನುಸುಳಿದ ಮೇಲೂ ಅವಳು ಬಗ್ಗಿಯೇ ಇದ್ದಳು.

"ಮುಂದಿನ ನದಿಗೆ ರಸ್ತೆ ಇಲ್ಲ," ಅಂದಳು ನೀರಿಗೆ. "ದಡದಲ್ಲೇ ನಡೀಬೇಕು. ಮದುವೆ ಆದ್ಮೇಲೂ ನಾನು ಹೀಗೇ ಇರೋದು. ಆಗುತ್ತಾ ನಿಮ್ಗೆ?"

ನಾನು ಪಕ್ಕದ ಮನೆಗೂ ಜೀಪಿನಲ್ಲೇ ಹೋಗುತ್ತಿದ್ದವನು.

"ಎಷ್ಟು ದೂರ?"

"ನಾನೂರು ಕಿಲೋಮೀಟರು."

"ಇಷ್ಟೇನಾ," ಅಂದೆ.